ಪಾದ್ರಿ ಹೊಲದ ಬಿತ್ತನೆ

ವಿಟ್ಬಿ
6 ಜೂನ್ 2004

ಪ್ರಿಯ ಮೋರಿಸ್,

ನಿನ್ನ ಕಾರ್ಡು ತಲುಪಿತು. ಸಿರಿಲ್‌ನ ಸಮಾಧಿಯ ಸುತ್ತ ಹುಲ್ಲು ಕತ್ತರಿಸಿದೆಯಂತೆ. ಒಳ್ಳೆಯದಾಗಲಿ ನಿನಗೆ. ಗಂಡ ಸತ್ತು ಎರಡು ವರ್ಷವಾಯಿತು, ನಾನು ಇಷ್ಟು ದೂರ ಬಂದು ಕೂತಿದ್ದೇನೆ, ಆ ಕೆಲಸ ನಿನ್ನ ತಲೆಗೆ ಬಿತ್ತು. ಚರ್ಚಿನವರು ಇಟ್ಟುಕೊಂಡಿರುವ ಆಸಾಮಿ ಹುಲ್ಲು ಬಿಟ್ಟು ಹೂವನ್ನೇ ಕತ್ತರಿಸುತ್ತಾನೆ ಅಂತ ಕೇಳಿದ್ದೆ.

ನಾನಿನ್ನೂ ತಂಗಿ ಐವಿಯ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಕಿಟಕಿ ತೆರೆಯಲಿಕ್ಕೂ ಅವಳ ಅಪ್ಪಣೆ ಬೇಕು. ಫೋನು ಹಜಾರದಲ್ಲಿದೆ, ಅವಳ ಕಿವಿ ಸದಾ ಅದರ ಪಕ್ಕದಲ್ಲೇ ಇರುತ್ತದೆ. ಅದಕ್ಕೇ ಪತ್ರ ಬರೆಯುವುದು. ಆದರೆ ಒಂದು ಸಂತೋಷದ ಸುದ್ದಿ ಇದೆ. ಬಂದರಿನ ಹಗ್ಗದ ಅಂಗಡಿಯ ಮೇಲೆ ಮಾರಾಟಕ್ಕಿರುವ ಎರಡು ಕೋಣೆಯ ಮನೆ ನೋಡಿದ್ದೇನೆ. ಮೆಟ್ಟಿಲ ಕೆಳಗೆ ಅದಕ್ಕೇ ಅಂತ ಬೇರೆ ಬಾಗಿಲು. ಬೀಗದ ಕೈ ನನ್ನ ಚೀಲದಲ್ಲಿ ಇರುತ್ತದೆ, ಬೇಕಾದಾಗ ಹೋಗುತ್ತೇನೆ, ಬೇಕಾದಾಗ ಬರುತ್ತೇನೆ. ಈ ವಯಸ್ಸಿಗೆ ಇಷ್ಟು ಆಸೆ ಪಟ್ಟದ್ದು ಇದೊಂದಕ್ಕೇ. ಮನೆಯೊಡತಿ ಸೆಪ್ಟೆಂಬರ್ ಕೊನೆಯವರೆಗೆ, ಮೈಕಲ್ಮಸ್ ಹಬ್ಬದ ತನಕ ಕಾಯುತ್ತೇನೆ ಅಂದಿದ್ದಾಳೆ. ಹಣದ ಏರ್ಪಾಡನ್ನು ವಕೀಲರು ನೋಡುತ್ತಿದ್ದಾರೆ.

ಐವಿಯ ಗಂಡ ನಾರ್ಮನ್ ನಿನಗೊಂದು ಪ್ರಶ್ನೆ ಕಳಿಸಿದ್ದಾನೆ. ಟಿವಿಯಲ್ಲಿ ಯಾರಿಗೋ ಹೊಲದಲ್ಲಿ ಚಿನ್ನ ಸಿಕ್ಕಿದ್ದನ್ನು ನೋಡಿ ನಿದ್ದೆಗೆಟ್ಟಿದ್ದಾನೆ. “ಡೋರೀನ್, ನಿಮ್ ಊರಲ್ಲಿ ಒಬ್ಬ ಇದ್ನಲ್ಲ, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಹೊಲಕ್ಕೆ ಇಸ್ತ್ರಿ ಮಾಡ್ತಾ ಇದ್ದೋನು? ಅವನಿಗೆ ವರ್ಷಕ್ಕೆ ಎಷ್ಟು ಗಿಟ್ಟುತ್ತೆ ಕೇಳು. ಲಾಭ ಇದ್ರೆ ನಾನೂ ನೆಲದೊಳಗಿನ ಲೋಹ ಹುಡುಕೋ ಒಂದು ಡಿಟೆಕ್ಟರ್ ತಗೋತೀನಿ” ಅಂತ ಕಾಡುತ್ತಿದ್ದಾನೆ. ಏನಾದರೊಂದು ಬರೆದು ಅವನ ಬಾಯಿ ಮುಚ್ಚಿಸು.

ನಿನ್ನ,
ಡೋರೀನ್

---

ಬಾರ್‌ಸ್ಟನ್, ಸಫಕ್
14 ಜೂನ್ 2004

ಪ್ರಿಯ ಡೋರೀನ್,

ನಾರ್ಮನ್‌ಗೆ ಹೇಳಿ, ಲಾಭ ಖಂಡಿತ ಇದೆ. ಬ್ಯಾಟರಿ ಮಾರುವವನಿಗೆ, ಬೂಟು ಮಾರುವವನಿಗೆ, ಮಂಡಿನೋವಿಗೆ ಮುಲಾಮು ಮಾರುವವನಿಗೆ. ಇಷ್ಟು ವರ್ಷ ನೆಲ ಅಗೆದು ನಾನು ಮಾರಿದ್ದು ಒಂದೇ ವಸ್ತು. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಟೋಪಿ. ಆ ದುಡ್ಡಿನಲ್ಲಿ ನಾನೂ ಸಿರಿಲ್ಲೂ ಕರಿದ ಮೀನು, ಆಲೂಗಡ್ಡೆ ತಿಂದೆವು, ನಿಮಗೂ ಒಂದು ಪೊಟ್ಟಣ ತಂದೆವು. ಮಿಕ್ಕಂತೆ ಸಿಗುವುದು ತೋಟಾದ ತಳ, ಕುದುರೆ ಲಾಳದ ಮೊಳೆ, ಬಿಯರ್ ಡಬ್ಬಿಯ ಉಂಗುರ. ಸಿಕ್ಕವನನ್ನು ಟಿವಿಯವರು ತೋರಿಸುತ್ತಾರೆ. ಸಿಗದ ನಮ್ಮಂಥವರನ್ನು ತೋರಿಸಿದರೆ ಯಾರು ಕೂತು ನೋಡುತ್ತಾರೆ?

ಆದರೆ ನಿಮ್ಮ ಪಾದ್ರಿ ಹೊಲದ ಮಾತೇ ಬೇರೆ. ಹೋದ ಭಾನುವಾರ ಮತ್ತೊಂದು ರೋಮನ್ ನಾಣ್ಯ ಸಿಕ್ಕಿತು. ತಿಕ್ಕಲಿಲ್ಲ, ತೊಳೆಯಲಿಲ್ಲ, ಹಾಗೇ ಮಣ್ಣಿನ ಸಮೇತ ತಂದೆ. ಇದೂ ಪೂರ್ವದ್ದೇ! ನಿಮಗೆ ಹಿಂದೆಯೂ ಹೇಳಿದ್ದೆ. ನಮ್ಮ ಕಡೆ ಸಿಗುವ ರೋಮನ್ ನಾಣ್ಯಗಳು ಹೆಚ್ಚಾಗಿ ಫ್ರಾನ್ಸ್, ಜರ್ಮನಿ ಕಡೆಯ ಟಂಕಸಾಲೆಗಳಲ್ಲಿ ಅಚ್ಚಾದವು. ಪಾದ್ರಿ ಹೊಲದವು ಮಾತ್ರ ಗ್ರೀಸ್ ಕಡೆಯವು, ಸಿರಿಯಾ ಕಡೆಯವು. ಯಾಕೆ? ಸಿರಿಯಾದಲ್ಲಿ ಚಾಕರಿ ಮಾಡಿದ ಒಬ್ಬ ಸೈನಿಕ ಮುದುಕನಾದ ಮೇಲೆ ತನ್ನ ಗಳಿಕೆ ಕಟ್ಟಿಕೊಂಡು ಬಂದು ನಮ್ಮ ಊರಿನಲ್ಲಿ ನೆಲೆ ನಿಂತ. ಸಭಾಭವನದಲ್ಲಿ ಹೋದ ಚಳಿಗಾಲ ಇದೇ ವಿಷಯ ಮಾತಾಡಿದೆ. ನಿಂತು ಚಪ್ಪಾಳೆ ತಟ್ಟಿದರು ಡೋರೀನ್. ಬಸ್ ಡಿಪೋದಲ್ಲಿ ಇಂಜಿನ್ ರಿಪೇರಿ ಮಾಡಿಕೊಂಡಿದ್ದ ನನಗೆ! ಸಿರಿಲ್ ಇರಬೇಕಿತ್ತು ಅನ್ನಿಸಿತು.

ಹೊಲವನ್ನು ಈ ವರ್ಷ ಬೀಳು ಬಿಟ್ಟದ್ದು ನನಗಂತೂ ಅನುಕೂಲವಾಯಿತು, ಬಾರ್ಲಿ ಕೊಯ್ಲಿಗೆ ಕಾಯುವ ಗೋಳಿಲ್ಲ. ಅಂದ ಹಾಗೆ, ಅಂಚಿನಲ್ಲಿ ಯಾರೋ ಕಿತ್ತಳೆ ಬಣ್ಣದ ಗೂಟ ಹೊಡೆದಿದ್ದಾರೆ. ವಿದ್ಯುತ್ ಕಂಬದವರಿರಬೇಕು. ಒಂದು ವಾಲಿತ್ತು, ನಾನೇ ನೆಟ್ಟಗೆ ನಿಲ್ಲಿಸಿ ಬಂದೆ.

ನಿಮ್ಮ,
ಮೋರಿಸ್ ವಾಟ್ಲಿಂಗ್

---

ವಿಟ್ಬಿ
27 ಜೂನ್ 2004

ಪ್ರಿಯ ಮೋರಿಸ್,

ನಿನ್ನ ಪತ್ರವನ್ನು ನಾರ್ಮನ್‌ಗೆ ಓದಿ ಹೇಳಿದೆ. ನಕ್ಕ. ಆಮೇಲೆ ಕೊನೆಯ ಭಾಗವನ್ನು ನಾನೊಬ್ಬಳೇ ಕೂತು ಮತ್ತೆ ಓದಿದೆ, ನನಗೆ ನಗು ಬರಲಿಲ್ಲ.

ಆ ಗೂಟಗಳು ವಿದ್ಯುತ್ತಿನವರದಲ್ಲ. ಹೋದ ಪತ್ರದಲ್ಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ. ಪಾದ್ರಿ ಹೊಲವನ್ನು ಮನೆ ಕಟ್ಟಿಸುವವನೊಬ್ಬನಿಗೆ ಮಾರುತ್ತಿದ್ದೇನೆ. ನಿನಗೇ ಗೊತ್ತು, ಮಿಕ್ಕ ಜಮೀನೆಲ್ಲ ಗುತ್ತಿಗೆಯದು, ಸಿರಿಲ್ ಹೋದ ಮೇಲೆ ಅದೂ ಹೋಯಿತು. ನಮ್ಮದು ಅಂತ ಉಳಿದದ್ದು ಅದೊಂದೇ. ಅದನ್ನು ಮಾರಿದರೆ ಬಂದರಿನ ಮನೆ, ಇಲ್ಲದಿದ್ದರೆ ಐವಿಯ ಹಿಂದಿನ ಕೋಣೆ. ಕಾಗದಕ್ಕೆ ಸಹಿ ಸೆಪ್ಟೆಂಬರಿನಲ್ಲಿ.

ಅಲ್ಲಿಯವರೆಗೆ ಹೊಲ ನಿನ್ನದೇ. ಮನದಣಿಯೆ ಹುಡುಕು. ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ.

ಡೋರೀನ್

---

ಬಾರ್‌ಸ್ಟನ್
5 ಜುಲೈ 2004

ಪ್ರಿಯ ಡೋರೀನ್,

ಕೋಪವಿಲ್ಲ. ಮೊದಲು ಬೇಜಾರಾಯಿತು, ಅದು ನಿಜ. ಅಡುಗೆಮನೆಯಲ್ಲಿ ಕೂತು ಟೀ ಆರಿಸಿಬಿಟ್ಟೆ. ಆಮೇಲೆ ಯೋಚನೆ ಮಾಡಿದೆ. ಸಿರಿಲ್ ಇದ್ದಿದ್ದರೆ ಏನು ಮಾಡುತ್ತಿದ್ದ? ಆ ನಾಣ್ಯಗಳ ಮೇಲೆ ಡಾಂಬರು ಸುರಿಯಲು ಬಿಡುತ್ತಿದ್ದನೆ?

ಅದಕ್ಕೇ ಮಾಡಬೇಕಾದದ್ದನ್ನು ಮಾಡಿದ್ದೇನೆ. ಇಷ್ಟು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದ ಪಾದ್ರಿ ಹೊಲದ ನಾಣ್ಯಗಳನ್ನೆಲ್ಲ ಕೌಂಟಿ ಕಚೇರಿಗೆ ಒಯ್ದೆ. ಹಳೆಯ ವಸ್ತುಗಳನ್ನು ದಾಖಲಿಸುವ ಅಧಿಕಾರಿ ಮಿಸ್ ಪೆಂಡ್ರಿ ಅಂತ ಒಬ್ಬಳು ಹುಡುಗಿ. ಯಾವುದು ಎಲ್ಲಿ ಸಿಕ್ಕಿತು ಅಂತ ನಕ್ಷೆಯ ಮೇಲೆ ಗುರುತು ಮಾಡಿಕೊಟ್ಟೆ. ಪೂರ್ವದ ನಾಣ್ಯಗಳನ್ನು ನೋಡಿ ಅವಳು ಹುಬ್ಬೇರಿಸಿದಳು. “ಇಷ್ಟೊಂದು ಒಂದೇ ಕಡೇನಾ, ಮಿಸ್ಟರ್ ವಾಟ್ಲಿಂಗ್?” ಅಂದಳು. ಸೈನಿಕನ ಕಥೆ ಹೇಳಿದೆ, ಬರೆದುಕೊಂಡಳು. ಕಟ್ಟಡಕ್ಕೆ ಅಪ್ಪಣೆ ಕೊಡಬಾರದು ಅಂತ ಕೌನ್ಸಿಲ್‌ಗೂ ಆಕ್ಷೇಪ ಬರೆದು ಹಾಕಿದ್ದೇನೆ. ಇನ್ನು ಕೆಳಗೆ ಏನಿದೆ ಅಂತ ಅಲ್ಲಲ್ಲಿ ಕಂದಕ ತೋಡಿ ನೋಡದೆ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ತೋಡುವ ಖರ್ಚು ಕಟ್ಟಿಸುವವನದು, ನಿಮಗೆ ಬಿಡಿಗಾಸಿನ ನಷ್ಟವಿಲ್ಲ.

ಕೆಳಗೆ ದೇವಾಲಯವೇ ಸಿಕ್ಕರೆ? ನಿಮ್ಮ ಹೊಲಕ್ಕೆ ದೇಶದಲ್ಲೆಲ್ಲ ಹೆಸರು ಬರುತ್ತದೆ. ನೀವು ಖುಷಿ ಪಡುತ್ತೀರಿ ಅಂದುಕೊಂಡಿದ್ದೇನೆ.

ಮೋರಿಸ್

---

ವಿಟ್ಬಿ
16 ಜುಲೈ 2004

ಮೋರಿಸ್,

ಖುಷಿ ಪಡುತ್ತೇನೆಯೆ? ಒಂದು ಮಾತು ಕೇಳಬಾರದಿತ್ತೆ ನನ್ನನ್ನು?

ನಿನ್ನೆ ವಕೀಲರು ಫೋನು ಮಾಡಿದರು. ಐವಿ ಬಾಗಿಲ ಸಂದಿಯಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಳು. ಕಂದಕ ತೋಡಲೇಬೇಕು ಅಂತ ಆದರೆ ಕಟ್ಟಿಸುವವನು ಕಾಯುವುದಿಲ್ಲವಂತೆ. ಅವನು ಪಕ್ಕದೂರಿನಲ್ಲಿ ಬೇರೆ ಹೊಲ ನೋಡಿಟ್ಟಿದ್ದಾನೆ. ಅವನು ಹೋದರೆ ಮೈಕಲ್ಮಸ್ ಒಳಗೆ ನನಗೆ ಇನ್ನೊಬ್ಬ ಸಿಗುವುದಿಲ್ಲ. ಆ ಮನೆ ಹೋಗುತ್ತದೆ ಮೋರಿಸ್. ನಿನಗೆ ನಿನ್ನದೇ ಮನೆಯಿದೆ, ಕಿಟಕಿ ತೆರೆಯಲು ನಿನಗೆ ಯಾರ ಅಪ್ಪಣೆಯೂ ಬೇಡ.

ಆಕ್ಷೇಪ ಹಿಂತೆಗೆದುಕೋ. ಬೇಡಿಕೊಳ್ಳುತ್ತೇನೆ. ಆ ನಾಣ್ಯಗಳನ್ನು ಅಷ್ಟು ನಂಬಿಕೊಂಡು ಕೂರಬೇಡ. ಅವು ಅಲ್ಲಿಗೆ ಹೇಗೆ ಬಂದವು ಅನ್ನುವುದು ನಿನಗಿಂತ ಸಿರಿಲ್‌ಗೆ ಚೆನ್ನಾಗಿ ಗೊತ್ತಿತ್ತು. ಸಿಕ್ಕಿದ್ದರಲ್ಲಿ ಹೊಲದ ಯಜಮಾನನಿಗೆ ಅರ್ಧ ಅನ್ನುವುದು ನಿಮ್ಮವರ ಪದ್ಧತಿ ತಾನೆ? ಅವನು ಒಂದು ದಿನವಾದರೂ ತನ್ನ ಅರ್ಧ ಕೇಳಿದ್ದನೆ? ಯಾಕೆ ಕೇಳಲಿಲ್ಲ ಅಂತ ಯೋಚಿಸಿ ನೋಡು. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಇಷ್ಟವಿಲ್ಲ.

ಡೋರೀನ್

---

ಬಾರ್‌ಸ್ಟನ್
24 ಜುಲೈ 2004

ಶ್ರೀಮತಿ ಗ್ಯಾರಡ್ ಅವರಿಗೆ,

ನೀವು ಹೇಳಿದಂತೆಯೇ ಯೋಚಿಸಿ ನೋಡಿದೆ. ಒಂದು ವಾರ ಅದನ್ನೇ ಮಾಡಿದೆ. ನಿಮ್ಮ ಮಾತಿಗೆ ಇರುವುದು ಒಂದೇ ಅರ್ಥ. ಸಿರಿಲ್ ಹತ್ತಿರ ಹಳೆಯ ನಾಣ್ಯಗಳಿದ್ದವು, ಅವನ್ನು ನಾನು ಲಪಟಾಯಿಸಿ ಹೊಲದಲ್ಲಿ ಸಿಕ್ಕಿದವು ಅಂತ ಕಥೆ ಕಟ್ಟಿದೆ. ಗೊತ್ತಿದ್ದೂ ಅವನು ಮುಖದಾಕ್ಷಿಣ್ಯಕ್ಕೆ ಸುಮ್ಮನಿದ್ದ. ಅಷ್ಟೇ ತಾನೆ?

ಇಲ್ಲಿದ್ದ ನಿಮ್ಮ ಹಳೇ ಮನೆಯ ಮೇಜಿನ ಮೇಲೆ ಪ್ರತಿ ಭಾನುವಾರ ನನ್ನ ಚೀಲವನ್ನು ತಲೆಕೆಳಗು ಮಾಡಿ ಸುರಿಯುತ್ತಿದ್ದೆ. ನೀವೇ ಎದುರಿಗೆ ನಿಂತಿರುತ್ತಿದ್ದಿರಿ. ಒಂದು ಮೊಳೆಯನ್ನೂ ಬಚ್ಚಿಟ್ಟವನಲ್ಲ ನಾನು. ಅರ್ಧ ತಗೋ ಅಂತ ನಾನೇ ಒತ್ತಾಯ ಮಾಡುತ್ತಿದ್ದೆ, “ನೀನೇ ಇಟ್ಕೊಳಯ್ಯ, ನಂಗ್ಯಾಕೆ ತುಕ್ಕು” ಅನ್ನುತ್ತಿದ್ದವನು ಅವನು. ಅವನ ದೊಡ್ಡತನವನ್ನು ಈಗ ನನ್ನ ಕಳ್ಳತನಕ್ಕೆ ಸಾಕ್ಷಿ ಮಾಡುತ್ತೀರಾ?

ಮನೆಗಾಗಿ ಮನುಷ್ಯರು ಏನು ಬೇಕಾದರೂ ಹೇಳುತ್ತಾರೆ ಅಂತ ತಿಳಿಯಿತು. ಆಕ್ಷೇಪ ಹಿಂತೆಗೆಯುವುದಿಲ್ಲ. ಆಗಸ್ಟ್ ಕೊನೆಗೆ ಕೌನ್ಸಿಲ್ ಸಭೆಯಿದೆ, ಅಲ್ಲೇ ತೀರ್ಮಾನವಾಗಲಿ.

ಎಂ. ವಾಟ್ಲಿಂಗ್

---

ವಿಟ್ಬಿ
2 ಆಗಸ್ಟ್ 2004

ಮಿಸ್ಟರ್ ವಾಟ್ಲಿಂಗ್ ಅವರಿಗೆ,

ನೀವು ಕಳ್ಳರೆಂದು ನಾನು ಹೇಳಿಲ್ಲ. ನಿಮ್ಮ ಬುದ್ಧಿಗೆ ಹೊಳೆಯಬಹುದಾದ ಸಂಗತಿಗಳಲ್ಲಿ ಅತ್ಯಂತ ಕೆಟ್ಟದ್ದನ್ನು ಹುಡುಕಿ ಅದನ್ನೇ ನನ್ನ ಬಾಯಿಗೆ ತುರುಕಿದ್ದೀರಿ. ಆದ್ದರಿಂದ ಈಗ ಬಿಡಿಸಿಯೇ ಬರೆಯುತ್ತೇನೆ. ಮೊದಲು ಕುಳಿತುಕೊಳ್ಳಿ.

ನಿಮ್ಮ ಹೆಂಡತಿ ಪಮೇಲಾ ಬಿಟ್ಟುಹೋದ ವರ್ಷ ನೆನಪಿದೆಯೆ? ಆ ಶರತ್ಕಾಲ ನೀವು ವಾರ ವಾರ ಬಂದು ಬಿಯರ್ ಡಬ್ಬಿಯ ಉಂಗುರ ಬಿಟ್ಟು ಏನೂ ಕಾಣಲಿಲ್ಲ. ಒಂದು ಭಾನುವಾರ ಮೇಜಿನ ಬಳಿ ನಿಂತು, “ಈ ಹೊಲ ಬರಡು ಕಣಯ್ಯ ಸಿರಿಲ್, ಮುಂದಿನ್ ವಾರದಿಂದ ಬೇರೆ ಕಡೆ ನೋಡ್ತೀನಿ” ಅಂದಿರಿ. ಸಿರಿಲ್ “ಹೂಂ” ಅಂದ. ಅವನು ಬೇರೆ ಏನು ಹೇಳುತ್ತಾನೆ? ಹಸುವಿನ ಹತ್ತಿರ ಬಿಟ್ಟರೆ ಮನಸ್ಸು ಬಿಚ್ಚಿ ಯಾರ ಹತ್ತಿರವೂ ಮಾತಾಡಿದವನಲ್ಲ.

ಬುಧವಾರ ಸಂತೆಗೆ ಹೋದವನು ಸಣ್ಣ ಬಟ್ಟೆ ಚೀಲ ಹಿಡಿದುಕೊಂಡು ಬಂದ.

“ಏನದು? ಬಟಾಣಿ ಬೀಜಾನಾ?” ಅಂದೆ.

“ಬೀಜಾನೇ ಅನ್ಕೋ. ಮೋರಿಸ್‌ಗೆ” ಅಂದ.

ಮೇಜಿನ ಮೇಲೆ ಸುರಿದ. ಹಸಿರು ಹಿಡಿದ ನಾಣ್ಯಗಳು. ಸಂತೆಯಲ್ಲಿ ಹಳೇ ನಾಣ್ಯ ಮಾರುವವನ ಹತ್ತಿರ ಕೊಂಡದ್ದು. ಪೂರ್ವದ ದೇಶಗಳಿಂದ, ಯುಗೊಸ್ಲಾವಿಯಾ ಕಡೆಯಿಂದ ಮೂಟೆಗಟ್ಟಲೆ ಬರುತ್ತವಂತೆ, ಮಣ್ಣು ಸಹ ತೊಳೆದಿರುವುದಿಲ್ಲವಂತೆ, ಬಲು ಅಗ್ಗವಂತೆ. ಮರುದಿನ ಸಿರಿಲ್ ಪಾದ್ರಿ ಹೊಲಕ್ಕೆ ಹೋಗಿ ಅಲ್ಲೊಂದು ಇಲ್ಲೊಂದು ಒತ್ತಿ ಬಂದ. ಆಮೇಲೆ ಪ್ರತಿ ವರ್ಷ ಉಳುವ ಮುಂಚೆ ಅದೊಂದು ಕೆಲಸವಾಯಿತು.

ಸಿರಿಯಾದ ಸೈನಿಕ ಯಾರೂ ಇಲ್ಲ ಮೋರಿಸ್. ಸಿರಿಲ್ ಇದ್ದ, ಅಷ್ಟೇ.

ಅದನ್ನು ನಾನೇ ಮಿಸ್ ಪೆಂಡ್ರಿಗೆ ಹೇಳಿಬಿಡುತ್ತೇನೆ, ನಿನಗೆ ಗೊತ್ತಾಗುವುದೇ ಬೇಡ ಅಂದುಕೊಂಡಿದ್ದೆ. ವಕೀಲರು ತಲೆ ಅಲ್ಲಾಡಿಸಿದರು. “ನೀವು ಹೊಲ ಮಾರೋರು ಮೇಡಂ. ಅಡ್ಡಿ ಬಂದ ನಾಣ್ಯ ಸುಳ್ಳು ಅಂತ ಮಾರೋರು ಹೇಳಿದ್ರೆ ಯಾರು ನಂಬ್ತಾರೆ? ಸಿಕ್ಕಿದೋನೇ ಹೇಳ್ಬೇಕು” ಅಂದರು. ಅದಕ್ಕೇ ನಿನಗೆ ಬರೆಯಬೇಕಾಯಿತು. ಬರೆಯದೆ ಇರುವ ದಾರಿ ಇದ್ದಿದ್ದರೆ ಬರೆಯುತ್ತಿರಲಿಲ್ಲ.

ಡೋರೀನ್

---

ಬಾರ್‌ಸ್ಟನ್
4 ಆಗಸ್ಟ್ 2004

ಡೋರೀನ್,

ನಾನು ಆ ಚೀಲ ಸುರಿದು ಕುಣಿಯುತ್ತಿದ್ದಾಗ, ನಾನು ಹೋದ ಮೇಲೆ, ನೀವಿಬ್ಬರೂ ನಗುತ್ತಿದ್ದಿರಾ?

ಇದಕ್ಕೊಂದಕ್ಕೆ ಉತ್ತರ ಕೊಡಿ. ಬೇರೇನೂ ಬರೆಯಬೇಡಿ.

ಮೋ.

---

ವಿಟ್ಬಿ
7 ಆಗಸ್ಟ್ 2004

ಮೋರಿಸ್,

ನಾನು ನಕ್ಕೆ. ಒಂದೇ ಸಲ. ಮೊದಲ ನಾಣ್ಯದ ದಿನ.

ನೀನು ಬೂಟಿನ ಮಣ್ಣು ಸಮೇತ ನನ್ನ ತೊಳೆದ ನೆಲದ ಮೇಲೆ ಓಡಿ ಬಂದೆ. “ಸಿರಿಲ್! ಲೋ ಸಿರಿಲ್! ರೋಮನ್ ಕಣೋ ಇದು, ರೋಮನ್!” ಅಂತ ಕೂಗಿದೆ. ಪಮೇಲಾ ಹೋದ ಮೇಲೆ ನಿನ್ನ ಗಂಟಲಲ್ಲಿ ಅಷ್ಟು ದೊಡ್ಡ ದನಿ ನಾವು ಕೇಳಿರಲಿಲ್ಲ. ಸಿರಿಲ್ ಕೆಂಪಗಾಗಿ ಹೋದ. ನೀನು ಹೋದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ಅವನು ನನ್ನನ್ನು ಒಂದು ಥರಾ ನೋಡಿ ಎದ್ದು ಹೊರಗೆ ಹೋದ. ಬರುವಷ್ಟರಲ್ಲಿ ನನ್ನ ನಗು ಆರಿ ಹೋಗಿತ್ತು.

“ಹೇಳ್ಬಿಡು ಅವನಿಗೆ” ಅಂದೆ.

“ಹೇಳಿದ್ರೆ ಮುಂದಿನ್ ಭಾನುವಾರ ಯಾರೇ ಬರ್ತಾರೆ?” ಅಂದ.

ಪ್ರತಿ ವರ್ಷ ಹೇಳ್ಬಿಡು ಅಂತ ನಾನೂ, ಈ ಚಳಿಗಾಲ ಕಳೀಲಿ ಅಂತ ಅವನೂ. ಆಸ್ಪತ್ರೆಯಲ್ಲಿ ಕೊನೆಯ ವಾರ, “ಅವನಿಗೆ ಗೊತ್ತಾಗೋದು ಬೇಡ” ಅಂತ ನನ್ನಿಂದ ಮಾತು ತಗೊಂಡ. ಆ ಮಾತನ್ನು ನಾನು ಹೋದ ವಾರ ಮುರಿದೆ, ಎರಡು ಕೋಣೆಗಾಗಿ. ನನಗೆ ಅದು ಹಿತವಾಗಿದೆ ಅಂತ ತಿಳಿಯಬೇಡ.

ಆಕ್ಷೇಪದ ವಿಷಯ ನಾನಿನ್ನು ಎತ್ತುವುದಿಲ್ಲ. ನಿನಗೆ ಬಿಟ್ಟದ್ದು.

ಡೋರೀನ್

---

ವಿಟ್ಬಿ
30 ಆಗಸ್ಟ್ 2004

ಮೋರಿಸ್,

ನಿನ್ನಿಂದ ಒಂದು ಅಕ್ಷರವೂ ಇಲ್ಲ. ಬೆಳಿಗ್ಗೆ ವಕೀಲರ ಫೋನು ಬಂತು. ಆಕ್ಷೇಪ ಹೋಯಿತಂತೆ, ಕಂದಕದ ಮಾತೂ ಹೋಯಿತಂತೆ, ಕೌನ್ಸಿಲ್ ಸಭೆ ಹತ್ತು ನಿಮಿಷಕ್ಕೆ ಮುಗಿಯಿತಂತೆ. ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಸಹಿ. ಐವಿ ಈಗಿನಿಂದಲೇ ನನ್ನ ಕೋಣೆಯ ಪರದೆ ಅಳೆಯುತ್ತಿದ್ದಾಳೆ.

ಸಂತೋಷ ಪಡಬೇಕು, ಪಡಲು ಆಗುತ್ತಿಲ್ಲ. ಯಾಕೆಂದರೆ ವಕೀಲರು ಫೋನಿಡುವ ಮುಂಚೆ, “ಆ ವಾಟ್ಲಿಂಗ್ ಎಂಥಾ ಮನುಷ್ಯ ಅಂತೀನಿ” ಅಂದರು. ಎಂಥಾ ಅಂದರೆ ಏನರ್ಥ ಅಂತ ಕೇಳಿದೆ, ಮಾತು ತೇಲಿಸಿದರು. ಅಲ್ಲಿ ನೀನು ಏನು ಹೇಳಿದೆ? ಈ ಸಲ ಉತ್ತರ ಬರೆಯದಿದ್ದರೆ ಐವಿ ಕೇಳಿಸಿಕೊಂಡರೂ ಸರಿ, ಫೋನು ಮಾಡುತ್ತೇನೆ.

ಡೋರೀನ್

---

ಬಾರ್‌ಸ್ಟನ್
6 ಸೆಪ್ಟೆಂಬರ್ 2004

ಪ್ರಿಯ ಡೋರೀನ್,

ಫೋನು ಮಾಡಬೇಡಿ, ಬರೆಯುತ್ತೇನೆ.

ನಿಮ್ಮ ಪತ್ರ ಬಂದ ಮೇಲೆ ಕೆಲವು ದಿನ ಯಂತ್ರವನ್ನು ಮುಟ್ಟಲಿಲ್ಲ. ಸಿರಿಲ್ ಮೇಲೆ ಬಂದ ಸಿಟ್ಟಿಗೆ ಅವನ ಸಮಾಧಿ ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದೆ. ಜನ ನೋಡುತ್ತಿದ್ದರು. ಬೈದು ಮುಗಿದ ಮೇಲೆ ಇನ್ನೊಂದು ಸಂಗತಿ ತಿಳಿಯಿತು. ನಾನು ಆಕ್ಷೇಪ ಬರೆದದ್ದು ರೋಮನರಿಗಾಗಿ ಅಲ್ಲ. ಆ ಹೊಲ ಹೋದರೆ ಭಾನುವಾರ ನಾನು ಎಲ್ಲಿಗೆ ಹೋಗಲಿ ಅನ್ನುವ ಭಯಕ್ಕೆ. ಸಿರಿಲ್‌ಗಿದ್ದದ್ದೂ ಅದೇ ಭಯ. ಅವನನ್ನು ಬೈಯಲು ನನಗೇನು ಹಕ್ಕು?

ಮಿಸ್ ಪೆಂಡ್ರಿ ಹತ್ತಿರ ಹೋದೆ. “ಆ ನಾಣ್ಯ ಯಾವ್ದೂ ಹೊಲದ್ದಲ್ಲಮ್ಮ, ಸಂತೇಲಿ ಕೊಂಡಿದ್ದು, ಹೊಲದಲ್ಲಿ ಹೂತಿದ್ದು” ಅಂದೆ.

“ಹೂತಿದ್ದು ಯಾರು?” ಅಂದಳು.

ಸಿರಿಲ್ ಅಂತ ಹೇಳಲು ಬಾಯಿ ತೆರೆದೆ. ಆಗ ವಕೀಲರ ಮಾತು ನೆನಪಾಯಿತು. ಸತ್ತವನನ್ನು ಕೇಳುವಂತಿಲ್ಲ. ನನಗೆ ಹೇಗೆ ಗೊತ್ತಾಯಿತು ಅಂದರೆ ನೀವು ಬರೆದದ್ದರಿಂದ. ತಿರುಗಿ ಅದು ಮಾರುವವರ ಮಾತೇ ಆಗುತ್ತದೆ, ಕಂದಕ ಉಳಿಯುತ್ತದೆ, ನಿಮ್ಮ ಮನೆ ಹೋಗುತ್ತದೆ.

“ನಾನೇ” ಅಂದೆ.

ಆ ಹುಡುಗಿ ಪೆನ್ನು ಕೆಳಗಿಟ್ಟಳು. “ಯಾಕ್ರೀ ಮಿಸ್ಟರ್ ವಾಟ್ಲಿಂಗ್?” ಅಂತ ಕೇಳಿದಳು. ಹೆಸರಿನ ಆಸೆಗೆ ಅಂದೆ. ಬರೆದು ಸಹಿ ಹಾಕಿ ಬಂದೆ.

ಇಂಥ ಸುದ್ದಿಗೆ ಕಾಲು ಬರುತ್ತದೆ. ನಮ್ಮ ಡಿಟೆಕ್ಟರ್ ಕ್ಲಬ್ಬಿನವರು ಸಭೆ ಸೇರಿ ಸದಸ್ಯತ್ವದ ಕಾರ್ಡು ವಾಪಸು ತಗೊಂಡರು. ನಮ್ಮವರಲ್ಲಿ ಒಂದು ಕಡೆ ಸಿಕ್ಕಿದ್ದನ್ನು ಇನ್ನೊಂದು ಕಡೆ ಸಿಕ್ಕಿತು ಅಂದವನನ್ನೇ ಕ್ಷಮಿಸುವುದಿಲ್ಲ, ನಾನು ಹೂತು ತೆಗೆದವನು. ಈ ಸುತ್ತಿನ ಯಾವ ರೈತನೂ ಇನ್ನು ನನಗೆ ಗೇಟು ತೆಗೆಯುವುದಿಲ್ಲ. ಮದ್ಯದಂಗಡಿಯಲ್ಲಿ ನಾನು ಒಳಗೆ ಕಾಲಿಟ್ಟರೆ, “ಬಂದ್ನಪ್ಪಾ ಸಿರಿಯಾ ಸೈನಿಕ! ಇವತ್ತು ಎಲ್ಲಯ್ಯಾ ಬಿತ್ತನೆ?” ಅಂತ ಕಿಚಾಯಿಸುತ್ತಾರೆ. ಒಂದು ಬಿಯರ್ ಕುಡಿದು ಬರುತ್ತೇನೆ. ಈಚೆಗೆ ಅದನ್ನೂ ಬಿಟ್ಟಿದ್ದೇನೆ.

ನಾನು ಇದನ್ನು ತಿಳಿದೇ ಮಾಡಿದ್ದು. ನೀವು ಸಹಿ ಹಾಕಿ, ಬೀಗದ ಕೈ ಇಸಿದುಕೊಳ್ಳಿ. ದಯವಿಟ್ಟು ಬೇರೇನೂ ಮಾಡಬೇಡಿ.

ನಿಮ್ಮ,
ಮೋರಿಸ್

---

ಬಾರ್‌ಸ್ಟನ್
20 ಸೆಪ್ಟೆಂಬರ್ 2004

ಪ್ರಿಯ ಡೋರೀನ್,

ಎರಡು ವಾರವಾಯಿತು, ನಿಮ್ಮ ಸದ್ದಿಲ್ಲ. ಸಾಮಾನು ಕಟ್ಟುವ ಗಡಿಬಿಡಿ ಇರಬೇಕು. ನಿನ್ನೆ ಪಾದ್ರಿ ಹೊಲದ ಕಡೆ ಹೋಗಿದ್ದೆ, ಬೇಲಿಯ ಹೊರಗೇ ನಿಂತಿದ್ದೆ. ಕಿತ್ತಳೆ ಗೂಟಗಳು ಒಂದೂ ಕಾಣಲಿಲ್ಲ. ಕೆಲಸ ಶುರು ಮಾಡುವ ಮುಂಚೆ ಹೊಸ ಗೂಟ ಹೊಡೆಯುತ್ತಾರೆ ಅಂತ ಕಾಣುತ್ತದೆ.

ಹೊಸ ಮನೆಯ ವಿಳಾಸ ತಿಳಿಸಿ.

ಮೋರಿಸ್

---

ವಿಟ್ಬಿ
23 ಸೆಪ್ಟೆಂಬರ್ 2004

ಪ್ರಿಯ ಮೋರಿಸ್,

ವಿಳಾಸ ಹಳೆಯದೇ.

ಗೂಟಗಳ ವಿಷಯದಲ್ಲಿ ನೀನು ಈ ಸಲವೂ ತಪ್ಪು ತಿಳಿದೆ. ಅವರು ಕಿತ್ತುಕೊಂಡು ಹೋದರು. ನಾನು ಹೊಲ ಮಾರುತ್ತಿಲ್ಲ. ನಿನ್ನ ಪತ್ರ ಓದಿದ ದಿನ ಮಧ್ಯಾಹ್ನವೇ ವಕೀಲರಿಗೆ ಫೋನು ಮಾಡಿದೆ, ಐವಿಯನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡು, ಚೆನ್ನಾಗಿ ಕೇಳಿಸಿಕೊಳ್ಳಲಿ ಅಂತ. ವಕೀಲರು, “ಮೇಡಂ, ಇನ್ನು ಸಹಿ ಮಾತ್ರ ಬಾಕಿ, ಹುಚ್ಚಾ ನಿಮಗೆ?” ಅಂದರು. ಹೌದು ಅಂದೆ.

ಮಾರುವವಳ ಮಾತಿಗೆ ಬೆಲೆಯಿಲ್ಲ ತಾನೆ? ಅದಕ್ಕೇ ಮೊದಲು ಮಾರುವವಳಾಗಿರುವುದನ್ನು ಬಿಟ್ಟೆ. ವ್ಯಾಪಾರ ಮುರಿದ ಕಾಗದ ಕೈಗೆ ಬಂದ ಮೇಲೆ ಅದನ್ನು ಹಿಡಿದುಕೊಂಡು ಬಸ್ಸು, ರೈಲು ಹತ್ತಿ ನಿಮ್ಮ ಕೌಂಟಿ ಕಚೇರಿಗೆ ಹೋದೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ನಿಲ್ದಾಣದಲ್ಲೇ ಅಡ್ಡ ನಿಲ್ಲುತ್ತಿದ್ದೆ.

ಮಿಸ್ ಪೆಂಡ್ರಿ ಮುಂದೆ ಕೂತು ಎಲ್ಲಾ ಹೇಳಿದೆ. ಸಂತೆ, ಬಟ್ಟೆ ಚೀಲ, ಸಿರಿಲ್ ಹೊಲದಲ್ಲಿ ಬಗ್ಗಿ ಬಗ್ಗಿ ಒತ್ತುತ್ತಿದ್ದದ್ದು. “ಇದ್ರಿಂದ ನಿಮಗೇನು ಲಾಭ, ಮಿಸೆಸ್ ಗ್ಯಾರಡ್?” ಅಂದಳು. ಕಾಗದವನ್ನು ಅವಳ ಮುಂದಿಟ್ಟೆ. ಓದಿದಳು. ಮತ್ತೊಂದು ಸಲ ಓದಿದಳು. ಆಮೇಲೆ ನಿನ್ನ ಹೇಳಿಕೆ ತೆಗೆದು ಅದರ ಮೇಲೆ ತನ್ನ ಕೈಯಲ್ಲಿ ಬರೆದಳು, ನನ್ನ ಕಣ್ಣೆದುರೇ. ಕ್ಲಬ್ಬಿಗೂ ಬರೆಯುತ್ತಾಳೆ. ಕ್ಲಬ್ಬಿನವರು ಕಾರ್ಡು ಹಿಡಿದುಕೊಂಡು ಬಂದರೆ ಜಂಬ ಮಾಡದೆ ಇಸಿದುಕೋ.

ಸಿರಿಲ್‌ನ ಹೆಸರು ಸ್ವಲ್ಪ ದಿನ ಆ ಮದ್ಯದಂಗಡಿಯಲ್ಲಿ ಓಡಾಡುತ್ತದೆ. ಓಡಾಡಲಿ. ಅವನು ಆ ದಾರಿಯಲ್ಲಿ ನಡೆದು ಹಾಲಿನ ಅಂಗಡಿಗೆ ಹೋಗಬೇಕಾಗಿಲ್ಲ, ನೀನು ಹೋಗಬೇಕು.

ನಾನು ಬೇಡ ಅಂದ ಮೇಲೆ ಬಂದರಿನ ಮನೆಯನ್ನು ಲೀಡ್ಸ್ ಕಡೆಯ ದಂಪತಿಗಳು ಕೊಂಡರು. ಬೇಸಿಗೆಗೆ ಮಾತ್ರ ಬರುತ್ತಾರಂತೆ. ಆ ದಿನ ಅತ್ತುಬಿಟ್ಟೆ, ನಿನ್ನ ಹತ್ತಿರ ಸುಳ್ಳು ಯಾಕೆ ಹೇಳಲಿ? ಇನ್ನೊಬ್ಬ ಕೊಳ್ಳುವವನು ಯಾವಾಗಲಾದರೂ ಬಂದಾನು, ಬಾರದೆಯೂ ಇದ್ದಾನು. ಐವಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅದು ಒಂದು ರೀತಿ ಆರಾಮ.

ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ನನ್ನನ್ನು ಕೇಳದೆ ಆಕ್ಷೇಪ ಹಾಕಿದೆ, ನನ್ನನ್ನು ಕೇಳದೆ ನಿನ್ನ ಮುಖಕ್ಕೆ ನೀನೇ ಮಸಿ ಬಳಿದುಕೊಂಡೆ. ನಿಮ್ಮಿಬ್ಬರದೂ ಒಂದೇ ರೋಗ. ಸಿರಿಲ್‌ಗೆ ಬಾಯಿಬಿಟ್ಟು “ಬಾ” ಅನ್ನಲು ಬರಲಿಲ್ಲ, ಸಂತೆಯಿಂದ ನಾಣ್ಯ ತಂದ. ನನಗೆ ಅನ್ನಲು ಬರುತ್ತದೆ. ಭಾನುವಾರ ಬೆಳಗಿನ ರೈಲಿಗೆ ಬಾ, ಮೋರಿಸ್.

ಡೋರೀನ್